ಮೊಣಕಾಲ ಕೆಳಗಿನ ದಿಂಬು

ಬೆಳಿಗ್ಗೆ ಕಿರುಚಾಟ ಎದ್ದಾಗ ಯಾದಗಿರಿಯ ಆ ಸ್ಕ್ಯಾನ್ ಸೆಂಟರ್‌ನ ಎಂಆರ್‌ಐ ಯಂತ್ರದ ಬಾಯಿಗೆ ಒಂದು ಅಡಕತ್ತರಿ ಕಚ್ಚಿಕೊಂಡಿತ್ತು. ಹೌದು, ಅಡಿಕೆ ಕತ್ತರಿಸುವ ಕಬ್ಬಿಣದ ಅಡಕತ್ತರಿಯೇ! ಬೆನ್ನುನೋವೆಂದು ಬಂದಿದ್ದ ಮುದನಾಳದ ಗೊಲ್ಲಾಳಮ್ಮನ ಮೊಳಕೈ ಸೀಳಿಕೊಂಡು ಹಾರಿತ್ತು. ಒಂದು ಗೇಣು ಆಚೆ ಹೋಗಿದ್ದರೆ ಕುತ್ತಿಗೆಯೇ.

ಸಬ್ ಇನ್‌ಸ್ಪೆಕ್ಟರ್ ರೇಣುಕಾದೇವಿ ಬಂದಿಳಿದಾಗ ಮೊದಲೇ ಮುಖ ಗಂಟಿಕ್ಕಿತ್ತು. ಜೊತೆಗೇ ತರಬೇತಿ ಮುಗಿಸಿದ ಭುವನೇಶ್ವರಿಗೆ ಶಹಾಪುರದಲ್ಲಿ ಇನ್‌ಸ್ಪೆಕ್ಟರ್ ಆಗಿ ಬಡ್ತಿ. ಮೊಬೈಲ್ ತುಂಬ ಅವಳ ಹಾರದ ಫೋಟೋ. 'ಅಭಿನಂದನೆ' ಎಂದು ಬರೆಯುವುದು, ಅಳಿಸುವುದು, ಬೆಳಿಗ್ಗೆಯಿಂದ ಇದೇ ಕೆಲಸ. ಅವಳಿಗೇನು ಎರಡು ಕೊಂಬಿದೆಯೇ? ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಬೇಕು.

ಬಾಗಿಲಲ್ಲಿ ಹಿರಿಯ ತಂತ್ರಜ್ಞ, ಸುರಪುರದ ನೀಲಕಂಠ ತಡೆದ.

"ಮೇಡಂ, ಬೆಲ್ಟು, ಪೆನ್ನು, ಮೊಬೈಲು ಎಲ್ಲಾ ಈ ಕಪಾಟಿನ್ಯಾಗ ಇಡ್ರಿ. ಮಷಿನ್ ನಿಂತರೂ ಅದರ ಅಯಸ್ಕಾಂತ ಬಂದ್ ಆಗಂಗಿಲ್ಲ."

ಅವಳು ಇಟ್ಟಳು. ಕೆಳಗಿನ ಖಾನೆಯಲ್ಲಿ ಗಂಡಸರ ಬೆಲ್ಟೊಂದು ಚಕ್ಕುಲಿಯಂತೆ ಸುತ್ತಿಕೊಂಡು ಕೂತಿತ್ತು. ಅದರ ಮೇಲೆ ವಾಚು.

ಒಳಗೆ ಉಮಾ ಬೆವರುತ್ತ ನಿಂತಿದ್ದಳು. ಇತ್ತೀಚೆಗಷ್ಟೇ ಸೆಂಟರ್‌ನ ಇನ್‌ಚಾರ್ಜ್ ಆದವಳು. ಈ ಸ್ಕ್ಯಾನ್ ಅವಳದೇ.

"ಅಡಕತ್ತರಿ ಯಾರದು?"

"ನಂದ ರೀ ಯವ್ವಾ!" ಎಂದು ಎದೆ ಬಡಿದುಕೊಂಡಳು ಗೊಲ್ಲಾಳಮ್ಮನ ಅತ್ತೆ ಮಲ್ಲಿಕಮ್ಮ. "ಕಬ್ಬಿಣ ಇದ್ರ ಗಾಳಿ-ಗೀಳಿ ಸೋಕಂಗಿಲ್ಲಂತ ಸೊಸಿ ಸೆರಗಿಗಿ ಕಟ್ಟಿದ್ದೆ. ಈ ಹುಡುಗಿ ಬಿಚ್ಚಿ ಹೊರಗ ಮೇಜಿನ ಮ್ಯಾಲ ಇಟ್ಳು. ಒಳಗ ಹೆಂಗ ಹೋತೋ ಶಿವನೇ ಬಲ್ಲ!"

ನೀಲಕಂಠ ಪಕ್ಕಕ್ಕೆ ಕರೆದು ಪಿಸುಗುಟ್ಟಿದ. "ಮುದುಕಿಗಿ ಸೊಸಿ ಕಂಡ್ರ ಆಗಂಗಿಲ್ಲಂತ್ರಿ. ಮಗ ಹೆಂಡ್ತಿ ಹಿಂದ ತಿರಗ್ತಾನಂತ ಹೊಟ್ಟಿಕಿಚ್ಚು. ಅಡಕತ್ತರಿ ಮತ್ತ ಸೆರಗಿನ್ಯಾಗ ತುರುಕಿರಬೇಕು. ಉಮಾ ಇನ್ನೊಮ್ಮಿ ನೋಡಬೇಕಿತ್ತು. ಮಾಲಕರು ಇವತ್ತ ಅಕಿನ್ನ ಮನಿಗಿ ಕಳಸ್ತಾರ."

"ನೀವೆಲ್ಲಿದ್ರಿ?"

"ಎದುರಿನ ಚಾದಂಗಡ್ಯಾಗ. ಚೀರಿದ್ದು ಕೇಳಿ, ಎಲ್ಲೂ ನಿಲ್ಲದ ಓಡಿ ಬಂದು ಪೇಶಂಟ್‌ನ ಹೊರಗ ಎಳೆದೆ. ಉಮಾ ಗಾಬರ್ಯಾಗಿ ಕಂಬ ನಿಂತಂಗ ನಿಂತಿದ್ಳು."

*

ರೇಣುಕಾದೇವಿ ಉಮಾಳನ್ನು ಪಕ್ಕದ ಕೋಣೆಗೆ ಕರೆದಳು.

"ಖರೇ ಹೇಳು. ತಪಾಸ ಮಾಡಿದ್ಯೋ ಇಲ್ಲೋ?"

"ಮೈತುಂಬ ಮಾಡೀನ್ರಿ. ಕಬ್ಬಿಣ ಇದ್ರ ಈ ಕೋಲು ಕೂಗ್ತದ. ಆಮ್ಯಾಲ ಇಲ್ಲೇ ಹಾಸಿಗಿ ಮ್ಯಾಲ ಮಲಗ್ಸಿ, ಮೊಣಕಾಲ ಕೆಳಗ ದಿಂಬು ಕೊಟ್ಟು, ಗಾಲಿ ಹಾಸಿಗಿ ಒಳಗ ತಳ್ಳಿದೆ. ಮಷಿನ್ ಬಾಯಿ ಹತ್ರ ಹೋಗೂದ್ರಾಗ..." ಅವಳು ಮುಖ ಮುಚ್ಚಿಕೊಂಡಳು. "ಈ ಅಪವಾದ ಬಂದ್ರ ಇನ್ಯಾರೂ ನನ್ನ ಕೆಲಸಕ್ಕ ತಗೊಳ್ಳಂಗಿಲ್ರಿ."

ಹೊರಗೆ ಎಳೆದು ತಂದಿದ್ದ ಗಾಲಿ ಹಾಸಿಗೆಯ ಮೇಲಿನ ದಿಂಬನ್ನು ರೇಣುಕಾದೇವಿ ಎತ್ತಿ ತಿರುಗಿಸಿದಳು. ಗವಸು ಒಳಗಿನಿಂದ ಹರಿದು ಹೊರಚಾಚಿತ್ತು.

"ಇದಕ್ಕ ಕೋಲು ಹಿಡಿದ್ಯೇನು?"

ಉಮಾ ಇಲ್ಲವೆಂದು ತಲೆ ಅಲ್ಲಾಡಿಸಿದಳು. "ಅದು ನಮ್ಮದ ದಿಂಬು ರೀ. ಈ ಕೋಣ್ಯಾಗಿನ ಬೀಗದ ಕಪಾಟಿನ್ಯಾಗ ಇರ್ತದ, ಕೀಲಿ ನನ್ನ ಹತ್ರ, ನೀಲಕಂಠ ಸರ್ ಹತ್ರ ಅಷ್ಟ. ಅದನ್ಯಾರ ನೋಡ್ತಾರ?"

ಅಂದರೆ ಮಲ್ಲಿಕಮ್ಮನ ಕೈ ಅಲ್ಲಿಗೆ ಮುಟ್ಟುವಂತಿರಲಿಲ್ಲ. ಬೀಗ ತೆಗೆಯುವವರು ಇಬ್ಬರೇ.

*

"ನೀಲಕಂಠ, ನಿಮ್ಮ ಬೆಲ್ಟ್ ಎಲ್ಲದ?"

ಅವನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅಲ್ಲಿರಲಿಲ್ಲ.

"ಬಾಗಿಲ ಹತ್ರದ ಕಪಾಟಿನ್ಯಾಗ ರೀ. ಓಡಿ ಬರೋವಾಗ ಬಿಚ್ಚಿ..."

"ಎಲ್ಲೂ ನಿಲ್ಲದ ಬಂದೆ ಅಂದ್ರಿ. ಜೀವ ಉಳಿಸಾಕ ಓಡಿ ಬಂದವ ಬೆಲ್ಟು ಸುರುಳಿ ಸುತ್ತಿ, ಅದರ ಮ್ಯಾಲ ವಾಚು ಇಟ್ಟು, ಆಮ್ಯಾಲ ಒಳಗ ಹೋಗ್ತಾನೇನು?"

ಅವನು ಬಾಗಿಲತ್ತ ನೋಡಿದ.

"ಚೀರೋದಕ್ಕಿಂತ ಮೊದಲ ನೀವು ತಯಾರಾಗಿ ನಿಂತಿದ್ರಿ. ಸ್ಕ್ಯಾನ್ ಉಮಾಂದು. ನಿಮಗ ಒಳಗ ಕೆಲಸ ಇರಲಿಲ್ಲ. ಓಡಬೇಕಾಗ್ತದಂತ ಹೆಂಗ ಗೊತ್ತಾತು? ಉಮಾ ತಪಾಸಿನ್ಯಾಗ ಇದ್ದಾಗ ಮೇಜಿನ ಮ್ಯಾಲಿನ ಅಡಕತ್ತರಿ ದಿಂಬಿನ್ಯಾಗ ತುರುಕಿದವರು ನೀವು. ಉಮಾ ಕೆಡಬೇಕು, ನೀವು ಓಡಿಹೋಗಿ ಉಳಿಸಬೇಕು, ಮಾಲಕರು ನೋಡಬೇಕು. ಹೌದಿಲ್ಲೋ?"

"ಅಕಿಗಿ ಕೆಲಸ ಕಲಸಿದವ ನಾನು!" ನೀಲಕಂಠ ಸಿಡಿದ. "ಬಟನ್ ಒತ್ತಾಕ ಬರ್ತಿರಲಿಲ್ಲ ಅಕಿಗಿ. ಈಗ ದಿನಾ ಮುಂಜಾನಿ ಅಕಿಗೇ ನಾ ನಮಸ್ಕಾರ ಹೊಡೀಬೇಕು! ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆಗ್ತಿತ್ರಿ. ಬರೇ ಮಷಿನಿಗಿ ಕಚ್ಚಲಿ ಅಂತಿದ್ದೆ. ರಕ್ತ ಬರ್ತದಂತ..."

ಉಮಾ ಅಳುತ್ತಲೇ ಕೇಳಿದಳು. "ಸರ್, ಹಾಸಿಗಿ ಮ್ಯಾಲ ಮಲಗಿದವರು ನಿಮ್ಮವ್ವ ಅಂತ ತಿಳ್ಕೋ ಅಂತ ನೀವ ಕಲಸಿದ್ರಿ. ದಿಂಬಿನ್ಯಾಗ ಅದನ್ನ ಇಡೋವಾಗ ನೆನಪಾಗ್ಲಿಲ್ಲೇನ್ರಿ?"

ನೀಲಕಂಠ ತಲೆ ತಗ್ಗಿಸಿದ.

ರೇಣುಕಾದೇವಿ ತನ್ನ ಬೆಲ್ಟು ಬಿಗಿದು ಮೊಬೈಲ್ ಎತ್ತಿಕೊಂಡಳು. ಮತ್ತೆ ಅದೇ ಹಾರ, ಅದೇ ನಗು. ಹೊಟ್ಟೆಕಿಚ್ಚು ಇನ್ನೂ ಆರಿರಲಿಲ್ಲ. ಅವಳು ನೀಲಕಂಠನ ಮುಖವನ್ನೊಮ್ಮೆ ನೋಡಿದಳು. 'ಅಭಿನಂದನೆ' ಎಂದು ಬರೆದಳು. ಅಳಿಸುವ ಮೊದಲೇ ಕಳಿಸಿಬಿಟ್ಟಳು.

"ನಡೀರಿ, ಜೀಪ್ ಹತ್ರಿ," ಎಂದಳು. ನೀಲಕಂಠ ಕಪಾಟಿನತ್ತ ಕೈ ಚಾಚಿದ.

"ಬೆಲ್ಟ್ ಮುಟ್ಟಬ್ಯಾಡ್ರಿ. ಅದು ಈಗ ನನ್ನ ಸಾಕ್ಷಿ."