ತಟ್ಟೆಗೆ ತಿರುಗಿ ಬಂದ ಮಾವು

ತಟ್ಟೆಯಲ್ಲಿ ಮಾವಿನ ಕೇಕ್ ಇತ್ತು.

ಚಮಚ ಎತ್ತಿಕೊಂಡಿದ್ದವಳು ಅದನ್ನು ಹಾಗೇ ಕೆಳಗಿಟ್ಟಳು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರ ಕಣ್ಣು ಪರೀಕ್ಷಿಸುವವಳು ಅವಳು. ತನ್ನ ಕಣ್ಣಿನ ಮೇಲೆ ಅವಳಿಗೆ ಅನುಮಾನವಿರಲಿಲ್ಲ. ಹಳದಿ ಕ್ರೀಮು, ಮೇಲೆ ತೆಳ್ಳಗೆ ಹೆಚ್ಚಿ ಜೋಡಿಸಿದ ಹೋಳು. ಮಾವೇ.

ಅವಳ ಮತ್ತು ಎದುರು ಕೂತಿದ್ದವನ ಮದುವೆ ಇದ್ದದ್ದು ಚಳಿಗಾಲದಲ್ಲಿ, ಇನ್ನು ಐದೇ ವಾರಕ್ಕೆ. ಈ ಬೇಕರಿಯ ಒಡತಿಯನ್ನು ಎಲ್ಲರೂ ಕೇಕಮ್ಮ ಎನ್ನುತ್ತಿದ್ದರು. ಅರವತ್ತು ದಾಟಿದ ಹೆಂಗಸು, ಹಟಮಾರಿ. ಮದುವೆ ಯಾವ ಕಾಲದಲ್ಲೋ ಆ ಕಾಲದ ಹಣ್ಣಿನ ಕೇಕಷ್ಟೇ ಮಾಡುತ್ತಿದ್ದಳು. ಮುಂಚಿತವಾಗಿ ರುಚಿ ನೋಡಲು ಬಂದವರಿಗೆ ಮಾತ್ರ, ಸಕ್ಕರೆ ಪಾಕದಲ್ಲಿ ಹಾಕಿಟ್ಟ ಹಣ್ಣು ಬಾಟಲಿಯಿಂದ ಹೊರಗೆ ಬರುತ್ತಿತ್ತು. ಚಳಿಗಾಲದ ಮದುವೆಗೆ ಕಿತ್ತಳೆ. ಮಾವು ಬಂದಿದೆ ಎಂದರೆ ಮದುವೆ ಬೇಸಿಗೆಗೆ ಹೋಗಿದೆ ಎಂದೇ ಅರ್ಥ.

"ಇದು ಯಾರ ಮದುವೆ ಕೇಕು, ಕೇಕಮ್ಮ?"

"ನಿಮ್ದೇ ಕಣಮ್ಮ. ಮೊನ್ನೆ ಇವ್ರು ಫೋನ್ ಮಾಡಿ ಹೇಳಿದ್ರಲ್ಲ, ಮದುವೆ ಮುಂದಕ್ಕೆ ಹೋಯ್ತು ಅಂತ." ಕೇಕಮ್ಮ ಇಬ್ಬರ ಮುಖವನ್ನೂ ಒಂದು ಸಲ ನೋಡಿದಳು. ಮಾತು ಅಲ್ಲಿಗೇ ನುಂಗಿಕೊಂಡು, "ಓವನ್ ನೋಡ್ಕೊಂಡು ಬರ್ತೀನಿ" ಎಂದು ಆ ಕಡೆ ಸರಿದಳು. ಓವನ್ ಆರಿ ಗಂಟೆಯಾಗಿತ್ತು.

ಎದುರು ಕೂತಿದ್ದವನು ತಟ್ಟೆಯನ್ನೇ ನೋಡುತ್ತಿದ್ದ. ಲಿಫ್ಟ್ ರಿಪೇರಿ ಮಾಡುವವನು. ಯಾರು ಏನು ಕೇಳಿದರೂ "ಆಯ್ತು" ಎನ್ನುತ್ತಾನೆಂದು ಜೊತೆ ಕೆಲಸದವರು ಅವನಿಗೆ ಆಯ್ತಪ್ಪ ಎಂದೇ ಹೆಸರಿಟ್ಟಿದ್ದರು.

"ನಂಗೆ ಹೇಳೋಕ್ ಮುಂಚೆ ಕೇಕ್ ಮಾಡೋರಿಗೆ ಹೇಳಿದ್ಯಾ?"

"ಮೊದ್ಲು ಒಂದು ತುತ್ತು ತಿನ್ನು."

"ಯಾಕೆ?"

"ಬಾಯಿ ಸಿಹಿ ಆದ್ಮೇಲೆ ಹೇಳೋಣ ಅಂದ್ಕೊಂಡಿದ್ದೆ." ಅವನು ಕತ್ತು ಕೆರೆದುಕೊಂಡ. "ತಟ್ಟೆ ನೋಡಿದ್ ಕೂಡ್ಲೇ ಗೊತ್ತಾಗುತ್ತೆ ಅಂತ ಹೊಳೀಲೇ ಇಲ್ಲ."

ಬೇರೆ ದಿನವಾಗಿದ್ದರೆ ಅವಳು ನಕ್ಕುಬಿಡುತ್ತಿದ್ದಳು. ಇವತ್ತು ಕಿವಿಯ ತುದಿ ಸುಡುತ್ತಿತ್ತು.

"ಈ ಸಲ ಯಾರು?"

"ನಮ್ಮ ಸೋದರತ್ತೆ. ಗೆಳತಿಯರ ಜೊತೆ ಟೂರ್ ಬುಕ್ ಮಾಡ್ಬಿಟ್ಟಿದಾರಂತೆ. ದುಡ್ಡು ವಾಪಸ್ ಬರಲ್ವಂತೆ."

"ಟೂರು." ಅವಳು ಆ ಪದವನ್ನು ಕಹಿಮಾತ್ರೆಯ ಹಾಗೆ ನಾಲಿಗೆಯ ಮೇಲಿಟ್ಟುಕೊಂಡಳು. "ಮೊದಲ್ನೇ ಸಲ ಇದೇ ಮಾವು ತಿಂದ್ವಿ, ಇದೇ ಮೇಜು. ನಿಮ್ಮ ದೊಡ್ಡಪ್ಪಂಗೆ ಮಂಡಿ ಆಪರೇಷನ್ ಬಂತು. ಸರಿ, ಮಂಡಿ ಪಾಪ ಏನ್ ಮಾಡುತ್ತೆ. ಮಳೆಗಾಲಕ್ಕೆ ನೇರಳೆ ಅಂದ್ವಿ. ನಿಮ್ಮಕ್ಕ ಮನೆ ಬದಲಾಯಿಸ್ತಿದ್ರು, ಬೀರು ಹೊರೋಕೆ ತಮ್ಮ ಬೇಕಾಗಿದ್ದ. ಈಗ ಟೂರು. ಭೂಮಿ ಸೂರ್ಯನ್ನ ಒಂದು ಸುತ್ತು ಹಾಕಿ ಬಂತು, ನಾವು ಮಾತ್ರ ಈ ಕುರ್ಚಿ ಬಿಟ್ಟು ಎದ್ದಿಲ್ಲ. ನಮ್ಮಪ್ಪ ಎರಡು ಸಲ ಕಾರ್ಡ್ ಪ್ರಿಂಟ್ ಮಾಡ್ಸಿದಾರೆ. ಮೂರನೇ ಸಲ ತಾರೀಖಿನ ಜಾಗ ಖಾಲಿ ಬಿಡ್ಸೋಣ್ವಾ, ಪೆನ್ಸಿಲಲ್ಲಿ ಬರ್ಕೊಳ್ಳೋಕೆ?"

"ಕೋಪ ಮಾಡ್ಕೋಬೇಡ ಕಣೇ."

"ಮಾಡ್ಕೊಂಡು ಆಗಿದೆ. ಈಗ ಬಡಿಸ್ತಿದೀನಿ."

ಓವನ್ ಕಡೆಯಿಂದ ಕೇಕಮ್ಮನ ಕೆಮ್ಮು ಕೇಳಿಸಿತು. ನಗು ಅಡಗಿಸುವ ಕೆಮ್ಮು.

ಎರಡು ವರ್ಷದ ಹಿಂದೆ ಅವಳ ಅಂಗಡಿಯಿದ್ದ ಕಟ್ಟಡದಲ್ಲಿ ಲಿಫ್ಟ್ ಕೆಟ್ಟು ನಿಂತಿತ್ತು, ಒಳಗೆ ಅವಳೊಬ್ಬಳೇ. ನಲವತ್ತು ನಿಮಿಷ ಬಾಗಿಲಾಚೆಯಿಂದ ಒಂದು ದನಿ, "ಹೆದರ್ಬೇಡಿ ಮೇಡಂ, ನಾನಿಲ್ಲೇ ಇದೀನಿ, ಎಲ್ಲೂ ಹೋಗಲ್ಲ" ಎನ್ನುತ್ತಲೇ ಇತ್ತು. ಬಾಗಿಲು ತೆರೆದು ಮುಖ ಕಾಣುವ ಹೊತ್ತಿಗೆ ಅವಳು ಆ ದನಿಗೆ ಮನಸ್ಸು ಕೊಟ್ಟಾಗಿತ್ತು. ಅದಕ್ಕೇ ಈಗ ಇಷ್ಟು ಉರಿಯುತ್ತಿದ್ದದ್ದು. ಯಾರೋ ದಾರಿಹೋಕ ಕಾಯಿಸಿದ್ದರೆ ಅವಳು ಎಂದೋ ಎದ್ದು ಹೋಗಿರುತ್ತಿದ್ದಳು.

ಅವಳು ಎದ್ದಳು. ಬ್ಯಾಗನ್ನು ಹೆಗಲಿಗೇರಿಸಿದಳು.

"ಈ ಕೇಕನ್ನ ನೀನೂ ನಿಮ್ಮತ್ತೇನೂ ಕೂತು ತಿನ್ನಿ. ಬೇಸಿಗೆ ಮದುವೆಗೆ ನಾನು ಬರಲ್ಲ. ಯಾವ ಕಾಲದ ಮದುವೆಗೂ ಬರಲ್ಲ."

ಅವನ ಮುಖದ ಬಣ್ಣ ಇಳಿಯಿತು. "ಕೂತ್ಕೋ. ಒಂದೇ ಒಂದು ಮಾತು."

"ನಿಂತೇ ಕೇಳ್ತೀನಿ."

ಅವನು ಮಾತು ಹುಡುಕಿದ. ಸ್ಕ್ರೂ ಕಳೆದುಕೊಂಡವನ ಹಾಗೆ ಮೇಜಿನ ಮೇಲೆಲ್ಲ ಬೆರಳಾಡಿಸಿದ.

"ಅಪ್ಪ ಅಮ್ಮ ಹೋದ್ಮೇಲೆ ನಾನು ಎಲ್ಲರ ಮನೇಲೂ ಬೆಳೆದೆ, ನಿಂಗೊತ್ತು. ದೊಡ್ಡಪ್ಪನ ಮನೇಲಿ ಒಂದ್ಸಲ ಆಗಲ್ಲ ಅಂದೆ. ಏನೋ ಅಂಗಡಿಗೆ ಹೋಗು ಅಂದಿದ್ರು, ಅಷ್ಟೇ. ಮಾರನೇ ವಾರ ಅತ್ತೆ ಮನೇಲಿದ್ದೆ. ಅದಕ್ಕೂ ಇದಕ್ಕೂ ಸಂಬಂಧ ಇತ್ತೋ ಇಲ್ವೋ, ಆದ್ರೆ ನಾನು ಮತ್ತೆ ಯಾರಿಗೂ ಆಗಲ್ಲ ಅಂದಿಲ್ಲ." ಅವನು ತಲೆ ಎತ್ತಿದ. "ನೀನೊಬ್ಳೇ ನನ್ನ ಬಿಟ್ಟು ಹೋಗಲ್ಲ ಅಂತ ಧೈರ್ಯ ಇತ್ತು. ಅದಕ್ಕೇ ನಿನ್ನೊಬ್ಳನ್ನೇ ಕಾಯಿಸ್ತಾ ಬಂದೆ."

ಅವಳ ಸಿಟ್ಟು ಇಳಿಯಲಿಲ್ಲ. ಇನ್ನೊಂದು ಮೆಟ್ಟಿಲು ಹತ್ತಿತು.

"ಅಂದ್ರೆ ಬಿಟ್ಟು ಹೋಗೋರಿಗೆ ಮರ್ಯಾದೆ, ಇರೋರಿಗೆ ಕಾಯೋ ಕೆಲ್ಸ? ಚೆನ್ನಾಗಿದೆ ಕಣೋ ನಿನ್ನ ಪ್ರೀತಿ. ನನ್ನ ನಂಬಿದ್ದಕ್ಕೆ ನನಗೇ ಶಿಕ್ಷೆ."

ಅಷ್ಟರಲ್ಲಿ ಮೇಜಿನ ಮೇಲಿದ್ದ ಅವನ ಫೋನ್ ಹೊಡೆದುಕೊಂಡಿತು. ಅತ್ತೆ.

ಅವನು ಅವಳನ್ನು ನೋಡಿದ, ಫೋನನ್ನು ನೋಡಿದ, ಸ್ಪೀಕರ್ ಒತ್ತಿದ.

"ಹೇಳಿದ್ಯೇನೋ ಅವಳಿಗೆ? ಏನಂದ್ಲು?" ಅತ್ತೆಯ ದನಿ ಬೇಕರಿಯ ಮೂಲೆ ಮೂಲೆಗೂ ಮುಟ್ಟಿತು.

"ಅತ್ತೆ, ತಾರೀಖು ಬದಲಾಗಲ್ಲ. ಐದು ವಾರಕ್ಕೆ ಅಂತ ಗೊತ್ತು ಮಾಡಿದ್ ದಿನಾನೇ ಮದುವೆ."

"ಏನು? ಮೊನ್ನೆ ಆಯ್ತು ಅಂದ್ಯಲ್ಲ."

"ತಪ್ಪು ಹೇಳ್ದೆ." ಅವನ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. "ನೀವು ಟೂರಿಗೆ ಹೋಗ್ಬನ್ನಿ. ಬಂದ್ಮೇಲೆ ನಾವಿಬ್ರೂ ಮನೆಗೇ ಬಂದು ಕಾಲಿಗೆ ಬೀಳ್ತೀವಿ."

"ಓಹೋ. ಈಗ್ಲೇ ಹೆಂಡ್ತಿ ಮಾತು ಕೇಳೋಕೆ ಶುರು ಮಾಡಿದ್ಯಾ?"

"ಹೂಂ ಅತ್ತೆ. ಸ್ವಲ್ಪ ತಡವಾಯ್ತು."

"ನಿನ್ನ ಸಾಕಿದ್ದಕ್ಕೆ ಇದಾ? ಹಾಗಾದ್ರೆ ಆ ಮದುವೆಗೆ ನಾನಿಲ್ಲ ಅಂದ್ಕೋ."

ಅವನು ಕಣ್ಣು ಮುಚ್ಚಿಕೊಂಡ. ಅವಳಿಗೆ ಅವನ ಕೈ ಹಿಡಿಯಬೇಕೆನಿಸಿತು. ಬ್ಯಾಗಿನ ಪಟ್ಟಿಯನ್ನೇ ಬಿಗಿಯಾಗಿ ಹಿಡಿದುಕೊಂಡಳು. ಈ ಮಾತು ಅವನೊಬ್ಬನೇ ಆಡಬೇಕಿತ್ತು.

"ನೀವಿಲ್ದೆ ನಂಗೆ ತುಂಬಾ ಬೇಜಾರಾಗುತ್ತೆ ಅತ್ತೆ," ಎಂದ ಅವನು. "ಆದ್ರೂ ಅವತ್ತೇ."

ಅತ್ತೆ ಫೋನ್ ಇಟ್ಟುಬಿಟ್ಟಳು. ಕೇಕಮ್ಮ ಬಂದು, ಅವನ ಮುಂದೆ ಒಂದು ಲೋಟ ನೀರಿಟ್ಟು, ಮಾವಿನ ತಟ್ಟೆಯನ್ನು ಎತ್ತಿಕೊಂಡು ಹೋದಳು.

ಬೇಕರಿಯಿಂದ ಹೊರಬಿದ್ದಾಗ ಬೀದಿಯಲ್ಲಿ ಮಧ್ಯಾಹ್ನದ ಬಿಸಿಲು ವಾಲಿತ್ತು. ಅವಳು ಎರಡು ಹೆಜ್ಜೆ ಮುಂದೆ, ಅವನು ಹಿಂದೆ.

"ಮದುವೆ ಆಗ್ತೀಯಲ್ವಾ?" ಅವನ ದನಿ ಅವಳ ಬೆನ್ನಿಗೆ ಮುಟ್ಟಿತು.

"ಆಗ್ತೀನಿ. ಕೋಪದಲ್ಲೇ ಆಗ್ತೀನಿ. ಫೋಟೋದಲ್ಲೂ ಮುಖ ಹೀಗೇ ಇರುತ್ತೆ, ನೋಡ್ಕೋ."

"ನಿನ್ನ ಕೋಪಾನೇ ಮೊದಲು ಮನೆಗೆ ಕರ್ಕೊಂಡು ಹೋಗ್ತೀನಿ. ನೀನು ನಿಧಾನಕ್ಕೆ ಬಾ."

"ಸಾಕು. ಇವತ್ತೆಲ್ಲಾ ನನ್ನ ಜೊತೆ ಮಾತಾಡ್ಬೇಡ."

ಹಿಂದಿನ ಹೆಜ್ಜೆಗಳು ನಿಂತವು. ಅವನು ಹೇಳಿದ.

"ಆಗಲ್ಲ."

ಅವಳು ಪಕ್ಕದ ಅಂಗಡಿಯ ಗಾಜಿನ ಕಡೆಗೆ ಥಟ್ಟನೆ ಮುಖ ತಿರುಗಿಸಿದಳು. ಒಳಗೆ ಸಾಲಾಗಿ ನೇತುಹಾಕಿದ ಕೊಡೆಗಳನ್ನೇ ಬಹಳ ಹೊತ್ತು ನೋಡಿದಳು. ಹೀಗೆ ನಗುತ್ತಿರುವುದನ್ನು ಅವನಿಗೆ ಅಷ್ಟು ಸುಲಭವಾಗಿ ತೋರಿಸುವುದು ಅವಳಿಗೆ ಇಷ್ಟವಿರಲಿಲ್ಲ.