ಕಲ್ಲಾದ ಪೆಡಲ್

ಪೆಡಲ್ ಕಲ್ಲಾಯಿತು!

ಬಲಗಾಲಿನ ಪೂರ್ತಿ ಭಾರ ಹಾಕಿದೆ. ಒಂದಿಂಚೂ ಕೆಳಗಿಳಿಯಲಿಲ್ಲ. ಗೋಡೆಗೆ ಒದ್ದ ಹಾಗೆ.

ಗಾಡಿ ಮಾತ್ರ ಇಳಿಯುತ್ತಲೇ ಇತ್ತು...

ಗಬ್ಬೂರ ಬೈಪಾಸಿನ ಹಿಂದೆ ಪಾಳುಬಿದ್ದ ಕಲ್ಲಿನ ಖಣಿ. ಕಡಿದಾದ ಇಳಿಜಾರು. ಕೆಳಗೆ ಮೂವತ್ತು ಅಡಿ ಆಳದ ಹಸಿರು ನೀರು. ಎಡಗಡೆಯ ಮುಂದಿನ ಚಕ್ರ ಗಾಳಿಯಲ್ಲಿ ತಿರುಗುತ್ತಿತ್ತು. ಉಳಿದ ಮೂರು ಜಲ್ಲಿಯ ಮೇಲೆ ಉರುಳುತ್ತಿದ್ದವು. ಬ್ರೇಕ್ ಇಲ್ಲ!

"ಭಾಯಿ! ಬಲಕ್ಕ ಹೊಡಿ! ಬಲಕ್ಕ!"

ಮೇಲೆ ನಿಂತು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದ ನನ್ನ ತಂಗಿ ನಾಹಿದಾ ಕಿರುಚಿದಳು.

ಸ್ಟೀರಿಂಗ್ ಬಲಕ್ಕೆ ಎಳೆದೆ. ಹ್ಯಾಂಡ್‌ಬ್ರೇಕ್ ಎತ್ತಿದೆ. ಗಾಡಿ ಅಡ್ಡ ತಿರುಗಿ ಜಲ್ಲಿಯ ಗುಡ್ಡೆಗೆ ಮೂತಿ ತುರುಕಿತು. ಧಡ್!

ನೀರು ಎಂಟು ಅಡಿ ದೂರದಲ್ಲಿತ್ತು.

ಹಣೆಯಿಂದ ರಕ್ತ ಸುರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅತ್ತೆ. ಹೆದರಿ ಅಲ್ಲ, ಸಾಹೇಬರೇ. ಇಂಥ ಇಳಿಜಾರು ನಾನು ನೂರು ಕಂಡಿದ್ದೇನೆ.

ಮೂರು ವರ್ಷದ ಹಿಂದೆ ಒಬ್ಬ ಮನುಷ್ಯ ನನಗೆ ಇದನ್ನೇ ಹೇಳಿದ್ದ. ಪೆಡಲ್ ಕಲ್ಲಾಗಿತ್ತು ಅಂತ.

ನಾನು ನಂಬಿರಲಿಲ್ಲ!

ನನ್ನ ಹೆಸರು ಇಸ್ತಿಯಾಕ. ಗೋಕುಲ ರಸ್ತೆಯಲ್ಲಿ ಗ್ಯಾರೇಜು. ಅಪ್ಪ ಮಕಬೂಲಸಾಬ ಲಾರಿ ರಿಪೇರಿಯಲ್ಲೇ ಆಯುಷ್ಯ ಕಳೆದವರು. ನಾನು ರಿಪೇರಿಗಿಂತ ಪರೀಕ್ಷೆಗೆ ಹೆಸರಾದವನು. ಗಾಡಿ ಕೊಳ್ಳುವವರು, ಮಾರುವವರು, ಗುದ್ದಿಕೊಂಡವರು... ಎಲ್ಲರೂ ನನ್ನಲ್ಲಿಗೇ ಬರುತ್ತಾರೆ. ಕಾಗದದ ಕೆಳಗೆ ಇಸ್ತಿಯಾಕನ ಸಹಿ ಬಿದ್ದರೆ ಇನ್ಶೂರೆನ್ಸಿನವರೂ ಎರಡನೇ ಮಾತಾಡುತ್ತಿರಲಿಲ್ಲ. ಅದರ ಸೊಕ್ಕು ನನಗಿತ್ತು.

ಪ್ರಸಾದ ನನ್ನ ಜೋಡಿ. ಹತ್ತು ವರ್ಷ. ಅವನು ಓಡಿಸುತ್ತಿದ್ದ, ನಾನು ಪಕ್ಕದಲ್ಲಿ ಕೂತು ಬರೆಯುತ್ತಿದ್ದೆ. ಆ ಮನುಷ್ಯನ ಕಾಲಿಗೆ ಕಿವಿ ಇತ್ತು! "ಹಿಂದಿನ ಬಲಗಾಲಿಯೊಳಗ ಏನೋ ಐತಿ ನೋಡೋ" ಅಂದರೆ, ಬಿಚ್ಚಿದಾಗ ಅಲ್ಲಿ ಏನೋ ಇದ್ದೇ ಇರುತ್ತಿತ್ತು.

ಅವನ ಹೆಂಡತಿ ಸೌಮ್ಯಾ ಮಧ್ಯಾಹ್ನಕ್ಕೆ ಎರಡು ಡಬ್ಬಿ ಕಟ್ಟುತ್ತಿದ್ದಳು. ಒಂದು ನನಗೆ. ರಂಜಾನ್ ಬಂದರೆ, "ಅಣ್ಣಾರ, ನಿಮ್ಮ ಡಬ್ಬಿ ಈ ತಿಂಗಳು ಸಂಜೀಕ" ಅನ್ನುತ್ತಿದ್ದಳು. ಮರೆಯದೆ ಸಂಜೆಗೇ ಕಳಿಸುತ್ತಿದ್ದಳು.

ಮೂರು ವರ್ಷದ ಹಿಂದೆ ಪ್ರಸಾದ ಸ್ವಂತಕ್ಕೊಂದು ಡೋಂಗರ್ ಕೊಂಡ. ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲದ ಎಸ್‌ಯುವಿ. ಊರಲ್ಲೂ ನಡೆಯುತ್ತದೆ, ಗುಡ್ಡವನ್ನೂ ಹತ್ತುತ್ತದೆ ಅಂತ ಜಾಹೀರಾತು. ಒಂದು ಭಾನುವಾರ ಗಾಡಿಯ ತಾಕತ್ತು ತೋರಿಸಲು ಹೆಂಡತಿಯನ್ನು ಕೂರಿಸಿಕೊಂಡು ಇದೇ ಖಣಿಗೆ ಬಂದ. ಇದೇ ಇಳಿಜಾರು. ಗಾಡಿ ಸೀದಾ ನೀರಿಗೆ ಹೋಯಿತು.

ಪ್ರಸಾದ ಮೇಲೆ ಬಂದ.

ಸೌಮ್ಯಾ ಬರಲಿಲ್ಲ...

ಸತ್ತೂರಿನ ಆಸ್ಪತ್ರೆಯಲ್ಲಿ ಅವನ ಬಾಯಲ್ಲಿ ನಳಿಕೆ ಇತ್ತು. ಮಾತು ಹೊರಡುತ್ತಿರಲಿಲ್ಲ. ನನ್ನ ಪೆನ್ನು ಕಸಿದು ಅಂಗೈ ಅಗಲದ ಕಾಗದದಲ್ಲಿ ಬರೆದ: ಪೆಡಲ್ ಕಲ್ಲಾಗಿತ್ತು.

ನೀರಿನಿಂದ ಎತ್ತಿದ ಗಾಡಿ ನನ್ನ ಗ್ಯಾರೇಜಿಗೇ ಬಂತು. ಒಂದೊಂದು ಸಾಮಾನು ಬಿಚ್ಚಿ ನೋಡಿದೆ. ಪ್ಯಾಡು, ಪೈಪು, ಎಣ್ಣೆ... ಎಲ್ಲಾ ಸರಿ! ರಿಪೋರ್ಟ್ ಬರೆದೆ. ಬ್ರೇಕಿನಲ್ಲಿ ದೋಷವಿಲ್ಲ. ಗಾಬರಿಯಲ್ಲಿ ಚಾಲಕ ಆಕ್ಸಿಲರೇಟರ್ ತುಳಿದಿರಬೇಕು.

ಸಹಿ ಹಾಕಿದೆ.

ಸೌಮ್ಯಾಳ ತಾಯಿ ಶಿವಬಸವ್ವ ಆ ಕಾಗದ ಓದಿಸಿ ಕೇಳಿದರು. ಅಳಿಯನಿಗೆ ಬಾಗಿಲು ಮುಚ್ಚಿದರು. ಮೂರು ವರ್ಷದ ಮೊಮ್ಮಗಳು ನೀಲಾಳನ್ನು ತಮ್ಮಲ್ಲೇ ಇಟ್ಟುಕೊಂಡರು. ಪ್ರಸಾದ ಜಗಳ ತೆಗೆಯಲಿಲ್ಲ. ಕೋರ್ಟಿಗೆ ಹೋಗಲಿಲ್ಲ. ಮತ್ತೆಂದೂ ಸ್ಟೀರಿಂಗ್ ಮುಟ್ಟಲಿಲ್ಲ. ಧಾರವಾಡದಲ್ಲಿ ಝೆರಾಕ್ಸ್ ಅಂಗಡಿ ಇಟ್ಟನಂತೆ. ನಾನು ಒಮ್ಮೆಯೂ ಆ ಕಡೆ ಹೋಗಲಿಲ್ಲ.

ಹೋದ ವಾರ ಗೋವಿಂದಪ್ಪನ ಫೋನು ಬಂತು. ಡೋಂಗರ್ ಮಾರುವ ಶೋರೂಮಿನ ಮಾಲೀಕ.

"ಇಸ್ತಿಯಾಕ, ಹೊಸಾ ಡೋಂಗರ್ ಬಂದೈತಿ. ಭಾಳ ಅಪ್‌ಡೇಟ್ ಮಾಡ್ಯಾರ. ಮೂರು ದಿನ ಒಯ್ಯಿ. ಊರಾಗೂ ಓಡಸು, ಗುಡ್ಡದಾಗೂ ಓಡಸು. ಇದ್ದದ್ದ ಇದ್ದಂಗ ಬರಿ."

ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ದೋಷ ಗಾಡಿಯದಲ್ಲ ಅಂತ ಬರೆದವನು ನಾನೇ ಅಲ್ಲವೇ? ಈಗ ಬೇಡ ಅಂದರೆ ನನ್ನ ಸಹಿಯನ್ನು ನಾನೇ ನಂಬಲಿಲ್ಲ ಅಂದಂತೆ!

ಮೊದಲ ದಿನ ಊರು. ಚೆನ್ನಮ್ಮ ಸರ್ಕಲ್ಲಿನ ಗದ್ದಲದಲ್ಲಿ ಸ್ಟೀರಿಂಗ್ ಒಂದೇ ಬೆರಳಿಗೆ ತಿರುಗಿತು. ಅಗೆದು ಬಿಟ್ಟ ರಸ್ತೆಗಳಲ್ಲಿ ಹಳೆಯದರ ಹಾಗೆ ಸೊಂಟ ಮುರಿಯಲಿಲ್ಲ. ದುರ್ಗದಬೈಲಿನ ಇಕ್ಕಟ್ಟಿನಲ್ಲಿ ಒಂದೇ ಏಟಿಗೆ ತಿರುಗಿಸಿಕೊಂಡೆ. ಲೀಟರಿಗೆ ಹದಿಮೂರು ಕಿಲೋಮೀಟರ್. ದಿನಾ ಓಡಾಡಲು ಒಳ್ಳೆಯ ಗಾಡಿ. ಹಾಗೆಯೇ ಬರೆದುಕೊಂಡೆ.

ಎರಡನೇ ದಿನ ಖಣಿ.

ಆ ಇಳಿಜಾರಿಗೆ ನಾನು ಮೂರು ವರ್ಷ ಕಾಲಿಟ್ಟಿರಲಿಲ್ಲ. ಅರ್ಧ ದಾರಿಯಲ್ಲಿ ಮುಂದಿನ ಒಂದು ಚಕ್ರ ಮೇಲೆದ್ದಿತು. ಬ್ರೇಕ್ ಒತ್ತಿದೆ. ಟಕ್... ಟಕ್... ಟಕ್... ಗಾಡಿ ನಿಂತಿತು! ಹಸುಗೂಸನ್ನು ನೆಲಕ್ಕೆ ಇಳಿಸಿದ ಹಾಗೆ.

ಖುಷಿಪಡಬೇಕಿತ್ತು. ಇಲ್ಲೇ ಪ್ರಸಾದನ ಗಾಡಿ ಯಾಕೆ ನಿಲ್ಲಲಿಲ್ಲ ಅಂತ ಯೋಚಿಸುತ್ತ ಸೀದಾ ಗ್ಯಾರೇಜಿಗೆ ತಿರುಗಿಸಿದೆ.

ಗ್ಯಾರೇಜಿನಲ್ಲಿ ಕಂಪ್ಯೂಟರ್ ಕೆಲಸವೆಲ್ಲ ನಾಹಿದಾಳದು. ಸಂಜೆ ಸ್ಕ್ಯಾನರ್ ಹಚ್ಚಿ ಕೂತವಳು ತಲೆ ಎತ್ತಿದಳು.

"ಭಾಯಿ, ಬ್ರೇಕಿನ ಸಾಮಾನೆಲ್ಲಾ ಹಳೇ ಡೋಂಗರಿನವ. ಒಳಗಿನ ಪ್ರೋಗ್ರಾಂ ಅಷ್ಟ ಬ್ಯಾರೆ ಐತಿ."

"ಯಾಕ ಬದಲ ಮಾಡ್ಯಾರ?"

ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಶೋರೂಮಿನವರು ಮರೆತುಬಿಟ್ಟ ಫೈಲು ಅವಳಿಗೆ ಸಿಕ್ಕಿತ್ತು. ಕಂಪನಿ ತನ್ನ ಮೆಕ್ಯಾನಿಕ್‌ಗಳಿಗೆ ಕಳಿಸಿದ ಕಾಗದ. ನನ್ನ ಕೈಗಿಟ್ಟಳು.

ಹಳೆಯ ಡೋಂಗರ್‌ನಲ್ಲಿ, ಇಳಿಜಾರಿನಲ್ಲಿ ಒಂದು ಚಕ್ರ ಗಾಳಿಯಲ್ಲಿದ್ದರೆ ಕಂಪ್ಯೂಟರ್ ಮೋಸಹೋಗುತ್ತದೆ. ಗಾಡಿ ಜಾರುತ್ತಿದೆ ಅಂದುಕೊಂಡು ನಾಲ್ಕೂ ಚಕ್ರಗಳ ಬ್ರೇಕ್ ಬಿಟ್ಟುಬಿಡುತ್ತದೆ. ಪೆಡಲ್ ಗಟ್ಟಿಯಾಗುತ್ತದೆ. ಆಮೇಲೆ ಎಲ್ಲಾ ಮೊದಲಿನಂತೆ. ಗುರುತೇ ಉಳಿಯುವುದಿಲ್ಲ! ಹೊಸ ಮಾದರಿಯಲ್ಲಿ ಇದನ್ನು ಸರಿಪಡಿಸಲಾಗಿದೆ.

ಕೆಳಗೆ ದೂರುಗಳ ಪಟ್ಟಿ. ಹುಬ್ಬಳ್ಳಿಯ ಮೊದಲ ದೂರು ನಾಲ್ಕು ವರ್ಷ ಹಿಂದಿನದು. ಮುಟ್ಟಿದೆ ಅಂತ ಸಹಿ ಮಾಡಿದವನು ಗೋವಿಂದಪ್ಪ.

ನಾಲ್ಕು ವರ್ಷ! ಅಂದರೆ ಗೊತ್ತಿದ್ದೇ ಪ್ರಸಾದನಿಗೆ ಕೀಲಿ ಕೊಟ್ಟಿದ್ದ...

"ಭಾಯಿ," ನಾಹಿದಾ ಮೆಲ್ಲಗೆ ಕೇಳಿದಳು. "ಪ್ರಸಾದಣ್ಣ ಖರೇ ಹೇಳಿದ್ದನೇನು?"

ನಾನು ಗ್ಯಾರೇಜಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ.

ಕಾಗದವಷ್ಟೇ ಸಾಲದು. ಕಣ್ಣಿಗೆ ಕಾಣುವ ಸಾಕ್ಷಿ ಬೇಕಿತ್ತು. ಕಾಳಿನ ವ್ಯಾಪಾರಿ ಲಾಲಸಾಬ ಕಾಕಾನ ಹಳೆಯ ಡೋಂಗರ್ ಆಯಿಲ್ ಬದಲಿಸಲು ನಮ್ಮಲ್ಲೇ ನಿಂತಿತ್ತು. ಫೋನು ಮಾಡಿದೆ.

"ಕಾಕಾ, ನಿಮ್ಮ ಗಾಡಿ ಒಂದ್ ಪರೀಕ್ಷಾಕ್ಕ ಬೇಕು. ನೀರಾಗ ಬಿದ್ರೂ ಬೀಳಬಹುದು."

ಎಲ್ಲಾ ಕೇಳಿಸಿಕೊಂಡರು.

"ನನ್ನ ಮೊಮ್ಮಕ್ಕಳು ಕೂಡೂ ಗಾಡಿ ಅದು. ಬೀಳೂದಿದ್ರ ಮೊದ್ಲ ನೀ ಬೀಳು. ಒಯ್ಯಿ!"

ಹಾಗೆ ಮೂರನೇ ಬೆಳಗ್ಗೆ ಖಣಿಗೆ ಬಂದೆವು. ಹಳೆಯದು ನನ್ನ ಕೈಯಲ್ಲಿ, ಹೊಸದು ನಾಹಿದಾಳ ಕೈಯಲ್ಲಿ. ಆಮೇಲೆ ನಡೆದದ್ದು ನಿಮಗೆ ಗೊತ್ತು.

ಜಲ್ಲಿಯಲ್ಲಿ ಹುಗಿದ ಗಾಡಿ ಬಿಟ್ಟು ಮೇಲೆ ಹತ್ತಿದೆ. ನಾಹಿದಾಳ ಮುಖ ಬಿಳಿಚಿತ್ತು. ಅವಳು ನನ್ನನ್ನು ನೋಡುತ್ತಿರಲಿಲ್ಲ.

ಖಣಿಯ ದಾರಿಗೆ ಅಡ್ಡಲಾಗಿ ಒಂದು ಬಿಳಿ ಜೀಪು. ಇಬ್ಬರು ಇಳಿದರು. ಒಬ್ಬನ ಕೈಯಲ್ಲಿ ಕಬ್ಬಿಣದ ರಾಡು.

ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಇಸ್ತಿಯಾಕ." ಗೋವಿಂದಪ್ಪ. "ಟ್ರಯಲ್ ಗಾಡಿ ಎಲ್ಲಿ ಹೊಕ್ಕೈತಿ ಅಂತ ನನಗ ಇಲ್ಲೇ ಕೂತ್ರ ಜಿಪಿಎಸ್‌ನಾಗ ಕಾಣಸತೈತಿ. ಫೈಲು ಕೊಡು. ನನ್ನ ಹುಡುಗರು ಎಲ್ಲಾ ನೋಡ್ಯಾರ, ವಿಡಿಯೋ ಮಾಡಿದ ಫೋನು ಕೊಡು. ಸುಮ್ನ ಮನೀಗೆ ಹೋಗು."

"ಕೊಡದಿದ್ರ?"

"ಆ ರಿಪೋರ್ಟಿನ ಕೆಳಗ ನಿನ್ನ ಸಹಿ ಐತಿ, ನಂದಲ್ಲ. ಮುಳುಗಿದ್ರ ಮೊದ್ಲ ನೀ ಮುಳುಗತಿ!"

"ಮುಳುಗತೇನ್ರಿ ಗೋವಿಂದಪ್ಪಾರ. ನಿಮ್ಮ ಕಾಲು ಹಿಡಕೊಂಡ ಮುಳುಗತೇನಿ!"

ಫೋನು ಕಟ್ ಮಾಡಿದೆ. "ಹತ್ತು!" ಅಂದೆ. ಹೊಸ ಡೋಂಗರ್‌ನ ಸ್ಟೀರಿಂಗ್ ಹಿಡಿದೆ. ನಾಹಿದಾ ಪಕ್ಕಕ್ಕೆ ಹಾರಿ ಕೂತಳು.

ರಾಡು ಬೀಸಿತು. ಎಡಗಡೆಯ ಗಾಜು ಪುಡಿಪುಡಿ! ನಾಹಿದಾ ತಲೆ ತಗ್ಗಿಸಿದಳು. ಫೋನನ್ನು ಎದೆಗೆ ಅವುಚಿಕೊಂಡಿದ್ದಳು. ನಾನು ರಸ್ತೆ ಬಿಟ್ಟು ಸೀದಾ ಹೊಲಕ್ಕೆ ಇಳಿಸಿದೆ.

ಹಿಂದಿನ ದಿನ ಮಳೆಯಾಗಿತ್ತು. ಕರಿಯ ಎರಿ ಮಣ್ಣು. ಕಾಲಿಟ್ಟರೆ ಚಪ್ಪಲಿ ಬಿಡದ ಮಣ್ಣು.

"ಬೆನ್ನ ಹತ್ಯಾರ ಭಾಯಿ!"

ಕನ್ನಡಿಯಲ್ಲಿ ಜೀಪು ದೊಡ್ಡದಾಗುತ್ತಿತ್ತು. ಮುಂದೆ ಹಳ್ಳ. ದಂಡೆಯ ತುದಿಯಲ್ಲಿ ಬ್ರೇಕ್ ಒತ್ತಿದೆ. ಟಕ್, ಟಕ್, ಟಕ್. ಹಿಡಿಯಿತು. ನಿಧಾನಕ್ಕೆ ಇಳಿಸಿದೆ. ನೀರು ಬಾನೆಟ್ಟಿನವರೆಗೆ ಚಿಮ್ಮಿತು. ನಾಲ್ಕೂ ಚಕ್ರ ಮಣ್ಣು ಕಚ್ಚಿ ಆಚೆ ದಂಡೆ ಹತ್ತಿದವು.

ಜೀಪು ಹಳ್ಳದಲ್ಲಿ ಅಚ್ಚಿನವರೆಗೆ ಹೂತು ನಿಂತಿತು. ಅವರ ಬೈಗುಳ ಬೈಪಾಸಿನವರೆಗೆ ಕೇಳಿಸಿತು.

ಅದ್ಭುತ ಗಾಡಿ, ಸಾಹೇಬರೇ! ಅದೇ ನನ್ನ ಕರುಳು ಕಿತ್ತದ್ದು. ಪ್ರತಿ ಸಲ ಬ್ರೇಕ್ ಹಿಡಿದಾಗಲೂ ಅನ್ನಿಸುತ್ತಿತ್ತು... ಇಷ್ಟೇ. ಇಷ್ಟೇ ಆಗಿದ್ದರೆ ಸೌಮ್ಯಾ ಇರುತ್ತಿದ್ದಳು.

ಪೊಲೀಸ್ ಠಾಣೆಯಲ್ಲಿ ಫೈಲು, ವಿಡಿಯೋ ಎರಡನ್ನೂ ಕೊಟ್ಟೆ; ಎರಡರ ಪ್ರತಿಯನ್ನೂ ನನ್ನ ಫೋನಿನಲ್ಲಿ ಇಟ್ಟುಕೊಂಡೆ. ನಾಹಿದಾಳನ್ನು ಮನೆಗೆ ಬಿಟ್ಟೆ. ಗಾಡಿ ಒಪ್ಪಿಸುವ ಮುಂಚೆ ಒಂದು ಕೆಲಸ ಬಾಕಿಯಿತ್ತು. ಶಿವಬಸವ್ವ ಇದ್ದ ಸತ್ತೂರಿಗೆ ತಿರುಗಿಸಿದೆ.

ಶಿವಬಸವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ನೀಲಾ ಶಾಲೆಗೆ ಹೋಗಿದ್ದಳು. ನಾನು ನೆಲದ ಮೇಲೆ ಕೂತು ವಿಡಿಯೋ ತೋರಿಸಿದೆ. ಕಾಗದ ಓದಿ ಹೇಳಿದೆ. ಎರಡು ಸಲ ಓದಿಸಿದರು.

"ಅಂದ್ರ ಅಂವ ತುಳದದ್ದು ಬ್ರೇಕ್?"

"ಹೌದ್ರಿ ಅವ್ವಾರ."

"ತಪ್ಪು ಅಂವಂದ ಅಂತ ಬರದಾಂವ ಯಾರು?"

ಅವರಿಗೆ ಗೊತ್ತಿತ್ತು. ನನ್ನ ಬಾಯಿಂದ ಬರಬೇಕಿತ್ತು.

"ನಾನ್ರಿ."

ಅವರು ಹೊಡೆಯಲಿಲ್ಲ. ಬೈಯಲಿಲ್ಲ. ಮೊರ ಕೆಳಗಿಟ್ಟರು.

"ದೀಪಾವಳಿಗೊಮ್ಮೆ ಬಂದು ಈ ಬಾಗಲ ಹೊರಗ ನಿಂದರತಿದ್ದ. ಮಗಳ ಅಂಗಿ ತಂದು ಕಟ್ಟೀ ಮ್ಯಾಲೆ ಇಟ್ಟ ಹೋಗತಿದ್ದ. ಮೂರು ವರ್ಷ. ಒಂದ್ ಚರಗಿ ನೀರು ಕೊಡಲಿಲ್ಲಪಾ ನಾ..."

ಚಪ್ಪಲಿ ಮೆಟ್ಟಿದರು. "ನಡಿ. ಅಂವ ಎಲ್ಲದಾನ, ಅಲ್ಲಿಗೆ ನಡಿ."

ಧಾರವಾಡದ ಸೂಪರ್ ಮಾರ್ಕೆಟ್ಟಿನ ಹತ್ತಿರ ಒಂದು ಸಣ್ಣ ಅಂಗಡಿ. ಪ್ರಸಾದ ಯಾರದೋ ಅಂಕಪಟ್ಟಿಯ ಪ್ರತಿ ತೆಗೆಯುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ವಯಸ್ಸು ನಲವತ್ತೆರಡು.

ಶಿವಬಸವ್ವ ಒಳಗೆ ಹೋಗಿ ಅವನ ಎರಡೂ ಕೈ ಹಿಡಿದರು. "ಪ್ರಸಾದಪ್ಪಾ, ನಿಂದು ತಪ್ಪಿಲ್ಲೋ. ಗಾಡೀದಂತೋ!"

ನಾನು ಹೊಸ್ತಿಲಲ್ಲೇ ನಿಂತು ಉಳಿದದ್ದನ್ನು ಹೇಳಿದೆ. ಅವನು ವಿಡಿಯೋ ನೋಡಲಿಲ್ಲ. ಮಷೀನು ಆರಿಸಿದ.

"ನಾ ಬರದು ಕೊಟ್ಟಿದ್ದೆ," ಅಂದ. "ಓದಿದ್ದಿಲ್ಲೇನು?"

"ಓದಿದ್ದೆ."

"ಮತ್ತ?"

"ಎಲ್ಲಾ ಬಿಚ್ಚಿ ನೋಡಿದೆ. ಸರಿ ಇತ್ತು. ಮಷೀನು ಸುಳ್ಳ ಹೇಳೂದಿಲ್ಲ ಅಂತ..."

"ನಾ ಹೇಳತೇನಿ ಅಂದಂಗಾತು."

ನಾನು ಫೋನು ಜೇಬಿಗಿಟ್ಟೆ.

"ನಿನ್ನ ಕಾಗದ ಓದಿ ನನ್ನ ಕಾಲನ್ನ ನಾನ ನಂಬಲಿಲ್ಲೋ, ಇಸ್ತಿಯಾಕ," ಅಂದ. ದನಿ ಏರಲಿಲ್ಲ. "ದಿನಾ ರಾತ್ರಿ ನೆನಸಕೊಂಡೇನಿ. ಬ್ರೇಕ್ ತುಳದದ್ದ ನೆನಪೈತಿ. ಆದ್ರ ಇಸ್ತಿಯಾಕ ಬರದಾನ, ಅಂವ ತಪ್ಪಂಗಿಲ್ಲ... ಹಂಗಾರ ನಾನ ಕೊಂದೇನಿ. ಮೂರು ವರ್ಷ, ನಾನ ಕೊಂದೇನಿ!"

ಅವನ ಕಾಲಿಗೆ ಬೀಳಲು ಬಗ್ಗಿದೆ. ಅವನು ಹಿಂದೆ ಸರಿದ.

ಶಟರ್ ಎಳೆದ. ಅತ್ತೆಯ ಕೈ ಹಿಡಿದು ರಸ್ತೆಗಿಳಿದ. ನೀಲಾಳ ಶಾಲೆ ಬಿಡುವ ಹೊತ್ತಾಗಿತ್ತು. ನಾನು ಓಡಿ ಗಾಡಿಯ ಬಾಗಿಲು ತೆಗೆದೆ.

"ಕೂಡ್ರಿ. ಸಾಲೀತನಕಾ ಬಿಡತೇನಿ."

ಪ್ರಸಾದ ಕೆಸರು ಮೆತ್ತಿದ ಡೋಂಗರ್‌ನತ್ತ ನೋಡಿದ. ಆಮೇಲೆ ನನ್ನನ್ನು.

"ಬ್ಯಾಡ. ಬಸ್ಸಿಗೆ ಹೊಕ್ಕೇವಿ."

ಆಮೇಲಿನದು ನೀವೂ ಪೇಪರಿನಲ್ಲಿ ಓದಿರಬೇಕು. ಗೋವಿಂದಪ್ಪ ಜಾಮೀನಿನ ಮೇಲಿದ್ದಾನೆ. ಹಳೆಯ ಡೋಂಗರ್‌ಗಳನ್ನೆಲ್ಲ ಕಂಪನಿ ವಾಪಸ್ ಕರೆಸಿಕೊಂಡಿತು. ಗಾಡಿ ಪರೀಕ್ಷಿಸುವ ನನ್ನ ಲೈಸೆನ್ಸ್ ಹೋಯಿತು. ಹೋಗಲೇಬೇಕಿತ್ತು. ಪ್ರಸಾದ ಈಗ ಸತ್ತೂರಿನಲ್ಲೇ ಇದ್ದಾನೆ. ಅತ್ತೆ, ಮಗಳ ಜೊತೆ.

ನಾನೂ ಈಗ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲೇ ಓಡಾಡುತ್ತೇನೆ. ಮೊನ್ನೆ ಉಣಕಲ್ಲಿನಲ್ಲಿ ಹತ್ತಿದೆ. ಎದುರಿನ ಸೀಟಿನಲ್ಲಿ ಪ್ರಸಾದ. ಅವನ ತೊಡೆಯ ಮೇಲೆ ಆರು ವರ್ಷದ ಹುಡುಗಿ. ಅದೇ ಸೌಮ್ಯಾಳ ಕಣ್ಣು!

ನಾನು ನೋಡುತ್ತಲೇ ಇದ್ದೆ. ಹುಡುಗಿಗೆ ಮುಜುಗರವಾಯಿತು.

"ಪಪ್ಪಾ, ಆ ಅಂಕಲ್ ಯಾರು?"

ಪ್ರಸಾದ ತಲೆಯೆತ್ತಿದ. ನನ್ನ ಮುಖವನ್ನು ಬಹಳ ಹೊತ್ತು ನೋಡಿದ.

"ಗೊತ್ತಿಲ್ಲವ್ವಾ," ಅಂದ.

ಈ ಸಲ ನಾನು ಏನನ್ನೂ ಬಿಚ್ಚಿ ನೋಡಲಿಲ್ಲ. ಅವನ ಮಾತನ್ನು ನಂಬಿದೆ!