ಹದಿನಾಲ್ಕನೇ ನಂಬರಿನ ಹಲಗೆ

ಸೆಪ್ಟೆಂಬರ್ 17, ಮಂಗಳವಾರ ಬೆಳಿಗ್ಗೆ ಮೇರಿಬರೋ ಠಾಣೆಯ ಬಾಗಿಲು ತೆರೆಯುವುದಕ್ಕೂ ಕರೋಲಿನ್ ಲೌರಿ ಬರುವುದಕ್ಕೂ ಸರಿಹೋಯಿತು. ತನ್ನ ಮನೆಯ ಮುಖವನ್ನು ಯಾರೋ ಕೊಯ್ದುಕೊಂಡು ಹೋಗಿದ್ದಾರೆಂದು ದೂರು ಕೊಟ್ಟಳು. 'ಮುಖ' ಎಂದೇ ಬರೆದುಕೊಳ್ಳಬೇಕೆಂದು ಹಟ ಹಿಡಿದಳು. ಕಾನ್‌ಸ್ಟೇಬಲ್ ಡ್ಯಾರಿಲ್ ಕೊರೋವಾ ಹಾಗೆಯೇ ಬರೆದುಕೊಂಡ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ಮೆಟ್ಟಿಲ ಮೇಲಿನ ತ್ರಿಕೋನಾಕಾರದ ಮರದ ಹಲಗೆ, ಒಂದು' ಎಂದು ಸೇರಿಸಿದ.

ಒಳಗಿನ ಕೋಣೆಯಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ಸಾರ್ಜೆಂಟ್ ರೋಂಡಾ ಪ್ಯಾಸ್ಕೋ ತಕ್ಷಣ ಎದ್ದು ಬರಲಿಲ್ಲ. ಅವಳ ಮೇಜಿನ ಮೇಲೆ ಗಂಡನಿಂದ ಹೊಡೆತ ತಿಂದವಳೊಬ್ಬಳ ಪ್ರಕರಣವಿತ್ತು. ಆ ಹೆಂಗಸು ಇಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲ.

"ಶನಿವಾರ ನಮ್ಮನೆಗೆ ಸಿನಿಮಾದ ಫಲಕ ಹಾಕೋ ಸಮಾರಂಭ. ಬ್ರಿಸ್ಬೇನ್‌ನಿಂದ ಜನ ಬರ್ತಾರೆ," ಎಂದು ಕರೋಲಿನ್ ಹೇಳುತ್ತಿದ್ದಳು. "ಮನೆಯ ಪಕ್ಕದಲ್ಲೇ ಬಿಳಿ ಪರದೆ ಕಟ್ಟಿ ಸಿನಿಮಾ ತೋರಿಸ್ತೀವಿ. ಇಂಥ ಹೊತ್ತಲ್ಲಿ ಹೀಗಾದ್ರೆ?"

ಸಿನಿಮಾ ಎಂದರೆ 1924ರ ಮೂಕಿ ಚಿತ್ರ. ಅದರಲ್ಲಿ ಉಳಿದದ್ದು ಒಂದೇ ಒಂದು ಸ್ಥಿರಚಿತ್ರ ಎಂದು ಊರು ನಂಬಿತ್ತು. ನಾಯಕಿ ಜಗಲಿಯ ಮರದ ಜಾಲರಿಯ ಹಿಂದೆ ನಿಂತು ಯಾರಿಗೋ ಕಾಯುವ ಚಿತ್ರ. ಆ ಜಗಲಿ ಕರೋಲಿನ್‌ಳ ಹದಿನಾಲ್ಕನೇ ನಂಬರಿನ ಮನೆಯದೇ ಎಂದು ಪತ್ತೆ ಹಚ್ಚಿದವರು ನಿವೃತ್ತ ಭೂಗೋಳ ಮೇಷ್ಟ್ರು ಆಲಿಸ್ಟರ್ ಪ್ರೆಂಟಿಸ್. ಅಂದಿನಿಂದ ಊರಿನಲ್ಲಿ ಹಳೆ ಚಿತ್ರಗಳ ಸಂಘವೊಂದು ಹುಟ್ಟಿಕೊಂಡಿತ್ತು. ಅಧ್ಯಕ್ಷೆ ಕರೋಲಿನ್. ಈಚೆಗೆ ಕ್ಯಾನ್ಬೆರಾದ ಚಿತ್ರ ಭಂಡಾರದಲ್ಲಿ ಅದೇ ಸಿನಿಮಾದ ಒಂದು ರೀಲು ಸಿಕ್ಕಿತ್ತು. ಶನಿವಾರ ಅದರ ಮೊದಲ ಪ್ರದರ್ಶನ.

ಹತ್ತು ಗಂಟೆಗೆ ಸ್ಥಳ ಮಹಜರು. ಆ ಭಾಗದ ಎಲ್ಲ ಹಳೆ ಮನೆಗಳಂತೆ ಇದೂ ಮರದ ಮನೆ. ಆಳೆತ್ತರದ ಕಂಬಗಳ ಮೇಲೆ, ಸೀರೆ ಎತ್ತಿಕೊಂಡು ಹೊಳೆ ದಾಟುವವಳ ಹಾಗೆ ನಿಂತಿತ್ತು. ಮೆಟ್ಟಿಲ ಮೇಲಿನ ಪುಟ್ಟ ಸೂರಿನ ಹಣೆಯಲ್ಲಿ ತ್ರಿಕೋನಾಕಾರದ ಬೆತ್ತಲೆ ಜಾಗ, ಬಣ್ಣ ಕಾಣದ ಹಳೆ ಮರ. ಗರಗಸ ಕೀಲುಗಳ ಗುಂಟ ನೀಟಾಗಿ ಓಡಿತ್ತು. ಬಾಗಿಲಿನ ಬಣ್ಣದ ಗಾಜು, ಹಿತ್ತಾಳೆ ಹಿಡಿಕೆ, ಜಗಲಿಯ ಜಾಲರಿ ಯಾವುದಕ್ಕೂ ಕೈ ತಾಗಿರಲಿಲ್ಲ.

"ಕೈಗೆ ಸಿಗೋದನ್ನ ಬಿಟ್ಟು ಏಣಿ ಹಾಕಿ ಅದನ್ನೇ ಕಿತ್ತಿದಾನಲ್ಲ. ಎಂಥ ಕಳ್ಳನೋ," ಎಂದ ಡ್ಯಾರಿಲ್.

ಎದುರುಮನೆಯ ಮುದುಕ ಸೋಮವಾರ ಮಧ್ಯಾಹ್ನ ಕಿತ್ತಳೆ ಬಣ್ಣದ ಹೊಳೆಯುವ ಅಂಗಿಯವನೊಬ್ಬನನ್ನು ಏಣಿಯ ಮೇಲೆ ಹಿಂದಿನಿಂದ ಕಂಡಿದ್ದ. ನಗರಸಭೆಯವನಿರಬೇಕು ಎಂದುಕೊಂಡು ಟೀವಿಯಲ್ಲಿ ಕುದುರೆ ಓಟ ನೋಡಲು ಒಳಗೆ ಹೋಗಿದ್ದ. ಆ ಅಂಗಿ ತೊಟ್ಟರೆ ಈ ದೇಶದಲ್ಲಿ ಬ್ಯಾಂಕನ್ನೇ ಹೊತ್ತುಕೊಂಡು ಹೋಗಬಹುದು, ಯಾರೂ ಏನೂ ಕೇಳುವುದಿಲ್ಲ. ಕರೋಲಿನ್ ಆ ದಿನ ತಂಗಿಯ ಮನೆಗೆ ಹೋಗಿದ್ದು, ಸಂಜೆ ಮರಳಿದ್ದಳು.

"ಹಲಗೆ ಮೇಲೆ ಏನು ಕೆತ್ತಿತ್ತು?" ರೋಂಡಾ ಕೇಳಿದಳು.

ಕರೋಲಿನ್ ತಡವರಿಸಿದಳು. "ಬೋಗನ್‌ವಿಲ್ಲೆ ಬಳ್ಳಿ ಮುಚ್ಚಿಕೊಂಡಿತ್ತು. ನಾನು ಮನೆ ಕೊಂಡಾಗಿಂದಲೂ ಹಾಗೇ. ಸಮಾರಂಭಕ್ಕೆ ಅಂತ ಹೋದ ಶುಕ್ರವಾರ ಕಡಿಸಿದೆ. ಎಲೆ ಥರ ಏನೋ ಇತ್ತು, ಜರಿಗಿಡದ ಎಲೆ."

"ಏನೋ ಇತ್ತು ಅಂದ್ರೆ? ಮುಖ ಅಂತ ಬರೆಸಿದೀರಿ."

ಕರೋಲಿನ್ ಉತ್ತರದ ಬದಲು ಸ್ಕೋನ್ ಬನ್ನು ತಿನ್ನಿ ಎಂದಳು. ರೋಂಡಾ ಬೇಡವೆಂದು ಹಜಾರ ದಾಟುವಾಗ ತಲೆಯೆತ್ತಿದಳು. ಸೂರಿನ ನಡುವೆ, ಮುಂಬಾಗಿಲಿನಿಂದ ಹಿಂಬಾಗಿಲವರೆಗೆ, ಎರಡು ಬೆರಳಗಲದ ಮರದ ಪಟ್ಟಿ ಓಡಿತ್ತು. ಅಂಥ ಪಟ್ಟಿಯ ಕೆಳಗೆ ಮಲಗಿ ಬೆಳೆದವಳು ಅವಳು. ಅಪ್ಪ ಕೊಂಡ ಮನೆ ಎರಡು ಹೋಳಾಗಿ ಎರಡು ಲಾರಿಗಳ ಮೇಲೆ ಬಂದಿತ್ತು. ಹೋಳುಗಳನ್ನು ಸೇರಿಸಿ, ಗಾಯದ ಮೇಲೆ ಹೀಗೆಯೇ ಪಟ್ಟಿ ಹೊಡೆದಿದ್ದರು. ಹದಿನಾಲ್ಕನೇ ನಂಬರಿನ ಮನೆಯೂ ಎಲ್ಲಿಂದಲೋ ಬಂದ ಮನೆ. ಅವಳು ಡ್ಯಾರಿಲ್‌ಗೂ ಏನೂ ಹೇಳಲಿಲ್ಲ. ಹೇಳದೆ ಇಟ್ಟುಕೊಂಡ ಮಾತು ಕೆಲಸಕ್ಕೆ ಬರುತ್ತದೆಂದು ಈ ವೃತ್ತಿ ಕಲಿಸಿತ್ತು.

ಕರೋಲಿನ್ ಸಂಶಯಿಸಿದ್ದು ನೋರೀನ್ ಡಗನ್‌ಳನ್ನು. ಔಷಧಿ ಅಂಗಡಿ ನಡೆಸಿ ನಿವೃತ್ತಳಾದವಳು, ನಾಲಿಗೆ ಮಾತ್ರ ನಿವೃತ್ತವಾಗಿರಲಿಲ್ಲ. ಅವಳು ಹಿರಿಯರು ಹುಲ್ಲಿನ ಮೇಲೆ ಚೆಂಡು ಉರುಳಿಸುವ ಬೌಲ್ಸ್ ಕ್ಲಬ್ಬಿನ ಜಗಲಿಯಲ್ಲಿ ಊರುಗೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಬಂದ್ಯಾ? ನಿನ್ನೆ ಸಂಜೆಯಿಂದ ಕಾಯ್ತಾ ಇದೀನಿ."

"ದೂರು ಬಂದಿದ್ದೇ ಇವತ್ತು."

"ಈ ಊರಿನ ಸುದ್ದಿ ಕಡೇಗೆ ಮುಟ್ಟೋದು ನಿಮ್ಮ ಠಾಣೆಗೇ ಕಣಮ್ಮ."

"ಸಂಘದ ಸಭೇಲಿ ಆ ಮನೆ ಸಿಪ್ಪೆ ಸುಲೀತೀನಿ ಅಂದ್ರಂತೆ?"

"ಪ್ರೆಂಟಿಸ್‌ನ ಸಿಪ್ಪೆ ಅಂದಿದ್ದು. ಕರೋಲಿನ್‌ಗೆ ಯಾರು ಏನಂದ್ರೂ ತನ್ನ ಮನೆ ಬಗ್ಗೆ ಅಂತಲೇ ಕೇಳಿಸುತ್ತೆ."

"ಯಾಕೆ ಅಂದ್ರಿ?"

"ಪ್ರವಾಹ ಇಳಿದ ಮೇಲೆ ಆ ಬೀದಿಯ ಮನೆಯೊಂದು ಲಾರಿ ಹತ್ತಿ ಹೋಯ್ತು ಅಂತ ನಮ್ಮಮ್ಮ ಹೇಳ್ತಿದ್ದಳು. ಯಾವ ನಂಬರು ಅಂತ ಅವಳಿಗೂ ಗೊತ್ತಿರಲಿಲ್ಲ, ನನಗೂ ಇಲ್ಲ. ಸಭೇಲಿ ಅಷ್ಟೇ ಹೇಳಿದೆ. 'ನೋರೀನ್, ನೀನು ಕೆಮ್ಮಿನ ಔಷಧಿ ಕೊಡು, ಇತಿಹಾಸ ನನಗೆ ಬಿಡು' ಅಂದ ಆ ಪ್ರೆಂಟಿಸ್. ಎಲ್ಲಾ ನಕ್ಕರು. ನಾನು ಮೂವತ್ತು ವರ್ಷ ಮೂಲವ್ಯಾಧಿಗೆ ಮುಲಾಮು ಕೊಟ್ಟು ಬಾಯಿ ಮುಚ್ಚಿಕೊಂಡಿದ್ದ ಜನ, ಅವರೂ ನಕ್ಕರು."

ಡ್ಯಾರಿಲ್ ನಗು ನುಂಗಿಕೊಂಡ.

"ಸೋಮವಾರ ಎಲ್ಲಿದ್ರಿ?"

"ಆಸ್ಪತ್ರೇಲಿ, ಸೊಂಟದ ಎಕ್ಸ್‌ರೇಗೆ. ಏಣಿ ಇರಲಿ, ನಾನು ಬಸ್ ಹತ್ತಬೇಕಾದ್ರೂ ಇಬ್ಬರು ತಳ್ಳಬೇಕು. ಬೇಕಾದ್ರೆ ಈ ಹುಡುಗನ್ನ ಕೇಳು, ಹೋದ ವಾರ ಇವನೇ ತಳ್ಳಿದ್ದು."

"ಹೌದು ಸಾರ್ಜ್," ಎಂದ ಡ್ಯಾರಿಲ್. "ಸುಲಭದ ಕೆಲಸ ಅಲ್ಲ."

ಬುಧವಾರ ಬೆಳಿಗ್ಗೆ ಪ್ರೆಂಟಿಸ್‌ರ ಹೇಳಿಕೆ. ಸಾಕ್ಷಿಯಾಗಿ ಅಲ್ಲ, ತಜ್ಞರಾಗಿ ಎಂದು ಅವರೇ ಫೋನಿನಲ್ಲಿ ತಿದ್ದಿದ್ದರು. ಅವರಿದ್ದ ಬೀದಿಯಲ್ಲಿ ಇಟ್ಟಿಗೆ ಮನೆ ಅವರದೊಂದೇ. ಮೆಲ್ಬರ್ನಿನಿಂದ ಬಂದು ನಲವತ್ತು ವರ್ಷವಾಗಿದ್ದರೂ ಊರಿಗೆ ಅವರಿನ್ನೂ 'ಮೆಕ್ಸಿಕನ್'. ರಾಜ್ಯದ ಗಡಿಯ ದಕ್ಷಿಣಕ್ಕಿರುವ ಎಲ್ಲರಿಗೂ ಇಲ್ಲಿಯವರು ಇಟ್ಟ ಹೆಸರದು. ಅದಕ್ಕೆ ಪ್ರತಿಯಾಗಿ ಅವರು ಊರಿನ ಎರಡು ತಲೆಮಾರಿನ ಮಕ್ಕಳಿಗೆ ತಮ್ಮ ಊರೇ ತಮಗೆ ಗೊತ್ತಿಲ್ಲವೆಂದು ಕಲಿಸಿದ್ದರು.

"ಪ್ಯಾಸ್ಕೋ," ಎಂದರು ಬಾಗಿಲಲ್ಲೇ. "ಹಿಂದಿನ ಬೆಂಚು. ನದಿ ಯಾವ ದಿಕ್ಕಿಗೆ ಹರಿಯುತ್ತೆ ಅಂದ್ರೆ ಕೆಳಗಡೆಗೆ ಅಂದಿದ್ದೆ ನೀನು."

"ಈಗಲೂ ಹಾಗೇ ಹರೀತಿದೆ ಸಾರ್."

ಅವರು ನಗಲಿಲ್ಲ. ಆ ಉತ್ತರಕ್ಕೆ ಇಡೀ ತರಗತಿಯ ಎದುರು ಅವಳನ್ನು ನಿಲ್ಲಿಸಿದ್ದ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಅವರಿಗೂ ನೆನಪಿದೆಯೆಂದು ತಿಳಿದು ಒಂದು ಬಗೆಯ ಅಸಹ್ಯವಾಯಿತು. ಮರೆತಿದ್ದರೆ ಕ್ಷಮಿಸಬಹುದಿತ್ತು.

"ಮನೆಯನ್ನ ಹೇಗೆ ಪತ್ತೆ ಮಾಡಿದ್ರಿ?"

"ಚಿತ್ರೀಕರಣದ ಅನುಮತಿ ಪತ್ರದಲ್ಲಿ ಬೀದಿಯ ಹೆಸರು, ಹದಿನಾಲ್ಕು ಅನ್ನೋ ನಂಬರು ಎರಡೂ ಇದ್ದವು. ಹೋಗಿ ನೋಡಿದೆ. ಅದೇ ಜಾಲರಿ. ಓದು ಬರೋರಿಗೆ ಕಷ್ಟದ ಕೆಲಸ ಅಲ್ಲ."

"ಆ ಜಾಲರಿ ಈ ಊರಲ್ಲಿ ನೂರು ಮನೇಲಿದೆ."

"ಹದಿನಾಲ್ಕನೇ ನಂಬರು ಒಂದೇ ಇದೆ, ಪ್ಯಾಸ್ಕೋ."

"ಕದ್ದ ಹಲಗೆ ಹೇಗಿತ್ತು?"

"ಉದಯಿಸುವ ಸೂರ್ಯ. ಅರ್ಧವೃತ್ತ, ಸುತ್ತ ಕಿರಣಗಳು. ಅಪರೂಪದ ಕೆಲಸ. ಊರಿಗೆ ಆದ ನಷ್ಟ ಅಂತಲೇ ಬರೆದುಕೋ."

"ಕರೋಲಿನ್ ಎಲೆ ಅಂದ್ರು."

"ಕರೋಲಿನ್‌ಗೆ ಎಲೆ ಯಾವುದು ಕಿರಣ ಯಾವುದು ಗೊತ್ತಾಗಲ್ಲ. ಅವಳು ಅಧ್ಯಕ್ಷೆ. ತಿಳಿದುಕೊಳ್ಳೋದು ಅವಳ ಕೆಲಸ ಅಲ್ಲ."

ಡ್ಯಾರಿಲ್ ಬರೆದುಕೊಂಡ. ಅವರು ಅದನ್ನು ಇಸಿದುಕೊಂಡು ಓದಿ, ಎರಡು ಕಡೆ ಅಲ್ಪವಿರಾಮ ಹಾಕಿ, ಸಹಿ ಮಾಡಿದರು.

ಇಬ್ಬರೂ ಕಾರು ಹತ್ತಿದರು.

"ಎಲೆನೋ ಸೂರ್ಯನೋ, ಮರದ ಚೂರಿಗೆ ಇಷ್ಟೆಲ್ಲಾ ಓಡಾಟ," ಎಂದ ಡ್ಯಾರಿಲ್.

"ಬಳ್ಳಿ ಕತ್ತರಿಸಿದವನನ್ನ ಹುಡುಕು. ಅವರೆಲ್ಲ ಕೆಲಸಕ್ಕೆ ಮುಂಚೆ ಒಂದು, ಆದ ಮೇಲೆ ಒಂದು ಫೋಟೋ ಹೊಡ್ಕೊತಾರೆ, ಮುಂದಿನ ಗಿರಾಕಿಗೆ ತೋರಿಸೋಕೆ."

ತೋಟದ ಕೆಲಸದವನ ಫೋನಿನಲ್ಲಿ ಫೋಟೋ ಇತ್ತು. ಹಲಗೆಯ ಮೇಲೆ ಒಂದನ್ನೊಂದು ಹಾಯ್ದ ಎರಡು ಜರಿಎಲೆಗಳು, ಎಳೆಯ ಮಗುವೂ ಗುರುತಿಸುವಷ್ಟು ಸ್ಪಷ್ಟ. ಸೂರ್ಯ ಎಲ್ಲೂ ಇರಲಿಲ್ಲ.

ಹಾಗಾದರೆ ಪ್ರೆಂಟಿಸ್ ಸೂರ್ಯನನ್ನು ಎಲ್ಲಿ ಕಂಡರು? ರೋಂಡಾ ಕ್ಯಾನ್ಬೆರಾದ ಭಂಡಾರಕ್ಕೆ ಫೋನ್ ಮಾಡಿದಳು. ರೀಲಿನ ಪ್ರತಿಯನ್ನು ಈವರೆಗೆ ಹೊರಗಿನ ಒಬ್ಬರಿಗೆ ಮಾತ್ರ ಕಳಿಸಿದ್ದೇವೆ, ಸ್ಥಳ ಖಚಿತಪಡಿಸಲು, ಎಂದಿತು ಆ ಕಡೆಯ ದನಿ. ಆ ಒಬ್ಬರು ಪ್ರೆಂಟಿಸ್. ಗುರುವಾರ ಬೆಳಿಗ್ಗೆ ರೀಲಿನಿಂದ ತೆಗೆದ ಚಿತ್ರವೊಂದು ಠಾಣೆಯ ಕಂಪ್ಯೂಟರಿಗೆ ಬಂತು. ನಾಯಕಿ ಮೆಟ್ಟಿಲಿಳಿಯುತ್ತಿದ್ದಾಳೆ. ಅವಳ ತಲೆಯ ಮೇಲೆ, ಸೂರಿನ ಹಣೆಯಲ್ಲಿ, ಅರ್ಧ ಸೂರ್ಯ, ಸುತ್ತ ಕಿರಣಗಳು.

ಡ್ಯಾರಿಲ್ ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದ. "ಅದು ಬೇರೆ ಮನೆ."

"ಅದು ಲಾರಿ ಹತ್ತಿ ಹೋಯ್ತು. ಖಾಲಿ ಜಾಗಕ್ಕೆ ಇನ್ನೊಂದು ಮನೆ ಲಾರಿಯಿಳಿದು ಬಂತು. ನಂಬರು ಮಾತ್ರ ಗೇಟಿನ ಮೇಲೇ ಉಳೀತು." ಹಜಾರದ ಪಟ್ಟಿಯ ವಿಷಯವನ್ನು ಅವಳು ಆಗ ಹೇಳಿದಳು. "ಇಟ್ಟಿಗೆ ಮನೆಗಳ ಊರಿಂದ ಬಂದೋರು ಪ್ರೆಂಟಿಸ್. ಮನೆ ಅಂದ್ರೆ ಇದ್ದಲ್ಲೇ ಇರುತ್ತೆ ಅಂದುಕೊಂಡಿದಾರೆ. ವಿಳಾಸ ಹುಡುಕಿದ್ರು, ಮನೆ ಹುಡುಕಲಿಲ್ಲ."

"ಬಳ್ಳಿ ಇರೋವರೆಗೆ ಭಯ ಇರಲಿಲ್ಲ."

"ಶನಿವಾರ ಪರದೆ ಮೇಲೆ ಸೂರ್ಯ, ಪಕ್ಕದ ಮನೆ ಮೇಲೆ ಎಲೆ. ಹಲಗೆ ಇಲ್ದೇ ಹೋದ್ರೆ, ಕದ್ದುಹೋಗಿದ್ದೂ ಸೂರ್ಯನೇ ಅಂತ ಹೇಳಬಹುದು. ನಮ್ಮ ಹತ್ರ ಹೇಳಿ ಸಹಿನೂ ಹಾಕಿದ್ರು."

ಮಧ್ಯಾಹ್ನ ಮ್ಯಾಜಿಸ್ಟ್ರೇಟರಿಂದ ಶೋಧನಾ ವಾರಂಟ್ ಸಿಕ್ಕಿತು. ಗರಗಸ ಗ್ಯಾರೇಜಿನಲ್ಲಿತ್ತು, ಶಾಲೆಯ ಮಕ್ಕಳನ್ನು ರಸ್ತೆ ದಾಟಿಸಲು ತೊಡುತ್ತಿದ್ದ ಕಿತ್ತಳೆ ಅಂಗಿ ಬಾಗಿಲ ಹಿಂದೆ. ಹಲಗೆ ಸಿಕ್ಕಿದ್ದು ಅತಿಥಿಗಳ ಕೋಣೆಯ ಮಂಚದ ಕೆಳಗೆ, ಉಣ್ಣೆಯ ಕಂಬಳಿಯಲ್ಲಿ ಸುತ್ತಿ. ಧೂಳು ಒರೆಸಿ, ಸಡಿಲವಾಗಿದ್ದ ಒಂದು ಎಲೆಗೆ ಅಂಟು ಹಾಕಿ, ಆರಲೆಂದು ದಾರ ಕಟ್ಟಿದ್ದರು.

"ಸುಟ್ಟುಹಾಕಿದ್ರೆ ಸಿಗ್ತಿರಲಿಲ್ಲ," ಎಂದಳು ರೋಂಡಾ.

ಪ್ರೆಂಟಿಸ್ ಅವಳನ್ನು ದಡ್ಡ ಹುಡುಗಿಯನ್ನು ನೋಡುವಂತೆ ನೋಡಿದರು. "ನೂರು ವರ್ಷದ ದೇವದಾರು, ಪ್ಯಾಸ್ಕೋ. ಸುಡೋದೇ?"

ಕಳವು ಮತ್ತು ಬೇಕೆಂದೇ ಮಾಡಿದ ಆಸ್ತಿಹಾನಿಯ ಆರೋಪದ ಮೇಲೆ 3.40ಕ್ಕೆ ಬಂಧನವಾಯಿತು. ಪ್ರೆಂಟಿಸ್ ಕೋಟು ಹಾಕಿಕೊಂಡು, ಬಾಗಿಲಿಗೆ ಬೀಗ ಹಾಕಿ, ಬೀಗವನ್ನು ಎರಡು ಸಲ ಎಳೆದು ನೋಡಿ ಬಂದರು. ಠಾಣೆಯಲ್ಲಿ ತಪ್ಪೊಪ್ಪಿಗೆಯನ್ನು ಪಾಠ ಒಪ್ಪಿಸುವಂತೆ ಹೇಳಿದರು. ರೀಲು ನೋಡಿದಾಗಲೇ ಮನೆ ತಪ್ಪಿರಬಹುದೆಂದು ಅನುಮಾನ ಬಂದಿತ್ತು. ಬಳ್ಳಿಯ ಹಿಂದೆ ಸೂರ್ಯನೇ ಇರಲಿ ಎಂದು ಬೇಡಿಕೊಂಡಿದ್ದರು, ದೇವರನ್ನು ನಂಬದವರು. ಶುಕ್ರವಾರ ಸಂಜೆ ಬೀದಿಯ ಆಚೆ ನಿಂತು ಎಲೆಗಳನ್ನು ಕಂಡರು.

ಅಷ್ಟರಲ್ಲಿ ಕರೋಲಿನ್‌ಳ ಫೋನ್ ಬಂತು. ರೋಂಡಾ ವಿಷಯ ತಿಳಿಸಿದಳು. ಹಲಗೆ ಸಿಕ್ಕಿದೆ, ತೆಗೆದವರು ಪ್ರೆಂಟಿಸ್, ಸಿನಿಮಾದ ಮನೆಯ ಹಲಗೆಯಲ್ಲಿ ಸೂರ್ಯನಿದೆ, ಅದು ನಿಮ್ಮ ಮನೆಯಲ್ಲ.

ಅವಳು ಅಳಬಹುದೆಂದು ರೋಂಡಾ ಎಣಿಸಿದ್ದಳು. ಕರೋಲಿನ್ ಕೇಳಿದ್ದೇ ಬೇರೆ.

"ಆ ಸೂರ್ಯನ ಚಿತ್ರ ನಂಗೂ ಕಳಿಸ್ತೀರಾ? ಬಡಗಿಗೆ ತೋರಿಸಿದ್ರೆ ಶನಿವಾರದೊಳಗೆ ಹಾಗೇ ಒಂದು ಮಾಡ್ಕೊಡ್ತಾನೆ. ಎಲೆಗಿಂತ ಅದೇ ಚೆನ್ನಾಗಿರುತ್ತೆ."

"ಮನೆ ಅದಲ್ಲ ಅಂದೆ."

"ಅಯ್ಯೋ, ಫಲಕ ಎರಕ ಹೊಯ್ದಾಗಿದೆಯಲ್ಲ. ಯಾವ ಮನೆ ಆದ್ರೇನು, ಯಾರು ನೋಡ್ತಾರೆ? ಪಾಪ ಆಲಿಸ್ಟರ್. ಫಲಕದಿಂದ ಅವನ ಹೆಸರು ಮಾತ್ರ ಕೆರೆಸಿಬಿಡ್ತೀವಿ."

ರೋಂಡಾ ಫೋನ್ ಇಟ್ಟು ಒಳಗೆ ಬಂದು, ಕೇಳಿದ್ದನ್ನು ಹಾಗೇ ಹೇಳಿದಳು. ಚುಚ್ಚಬೇಕೆಂಬ ಆಸೆ ಇತ್ತು, ಅದನ್ನು ತನ್ನಿಂದ ತಾನೇ ಬಚ್ಚಿಡಲಿಲ್ಲ. ಆದರೆ ಚುಚ್ಚಿದ ಜಾಗ ಅವಳೆಣಿಸಿದ್ದಲ್ಲ. ಹೆಸರಿನ ಮಾತು ಅವರ ಕಿವಿಗೇ ಬಿದ್ದಂತಿರಲಿಲ್ಲ.

"ಹಾಕಬಾರದು," ಎಂದರು ಪ್ರೆಂಟಿಸ್. ಹೇಳಿಕೆಯ ಹಾಳೆಯನ್ನು ಅವಳತ್ತ ತಳ್ಳಿದರು. "ಅಲ್ಲಿ ಫಲಕ ಹಾಕಬಾರದು. ಅದು ಆ ಮನೆ ಅಲ್ಲ. ನನ್ನ ಹೇಳಿಕೇಲಿ ಬರೆದುಕೋ, ದೊಡ್ಡ ಅಕ್ಷರದಲ್ಲಿ. ನ್ಯಾಯಾಲಯದಲ್ಲಿ ಓದಲಿ. ಆ ಮನೆ ಎಲ್ಲೋ ಇದೆ, ಪ್ಯಾಸ್ಕೋ. ಯಾರೋ ಅದರ ಮೆಟ್ಟಿಲ ಮೇಲೆ ಬಟ್ಟೆ ಒಣಗಿಸ್ತಿರಬಹುದು. ಹುಡುಕಬೇಕು."

"ಇದನ್ನ ಶುಕ್ರವಾರ ಹೇಳಿದ್ರೆ ಆಗ್ತಿತ್ತಲ್ಲ ಸಾರ್."

ಅವರು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು.

"ನೋರೀನ್ ನಗ್ತಿದ್ದಳು."

ರೋಂಡಾ ಆ ಮಾತನ್ನೂ ಬರೆದುಕೊಂಡಳು. ನಲವತ್ತು ವರ್ಷ ಈ ಮನುಷ್ಯ ಊರಿನ ತಪ್ಪುಗಳನ್ನು ಹೆಕ್ಕಿ, ಎತ್ತಿ ತೋರಿಸಿ, ನಗಿಸಿದ್ದ. ಪರಕೀಯ ಎಂದವರ ಎದುರು ಅವನಿಗಿದ್ದ ಜಾಗ ಅದೊಂದೇ, ತಪ್ಪದವನ ಜಾಗ. ಅದನ್ನು ಬಿಟ್ಟು ಕೆಳಗಿಳಿಯುವುದಕ್ಕಿಂತ ಏಣಿ ಹತ್ತುವುದು ಸುಲಭವೆನಿಸಿತ್ತು. ಅವಳಿಗೆ ಅಯ್ಯೋ ಎನಿಸಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತಿದ್ದಾಗ ಇವನೇನು ಬೆಟ್ಟವೋ ಎನ್ನುವಂತೆ ಹೆದರಿದ್ದಕ್ಕೆ ಮಾತ್ರ ನಾಚಿಕೆಯಾಯಿತು.

ಪ್ರೆಂಟಿಸ್‌ರನ್ನು ಲಾಕಪ್ಪಿನಲ್ಲಿ ಬಿಟ್ಟು ಬಂದ ಡ್ಯಾರಿಲ್ ವರದಿ ಬರೆಯಲು ಕೂತ. "ಕಾರಣ ಅನ್ನೋ ಕಡೆ ಏನು ಹಾಕ್ಲಿ ಸಾರ್ಜ್?"

"ಜನ ನಗ್ತಾರೆ ಅನ್ನೋ ಭಯ."

ಡ್ಯಾರಿಲ್ ಬರೆದು, ಪೆನ್ನು ನಿಲ್ಲಿಸಿದ. "ನಗ್ತಿದ್ರಾ?"

ರೋಂಡಾ ಕಂಪ್ಯೂಟರಿನ ಮೇಲಿದ್ದ ಚಿತ್ರವನ್ನು ಮುಚ್ಚಿದಳು.

"ಹಲಗೆ ಕಡೆ ಯಾರೂ ನೋಡ್ತಾನೇ ಇರಲಿಲ್ಲ ಕಣೋ."